ಕೊಯ್ಯದೆ ಬಿಟ್ಟ ಚುಟ್ಟ

೧೯೭೪ರಲ್ಲಿ ನಾನು ಹಿರಿಯೂರಿನಲ್ಲಿ ಹೊಗೆಸೊಪ್ಪಿನ ತೆರಿಗೆ ಇನ್ಸ್‌ಪೆಕ್ಟರ್ ಆಗಿದ್ದೆ. ಮನೆಯಲ್ಲಿ ಕೂತು ಕೈಯಲ್ಲಿ ಸುತ್ತುವ ಅಗ್ಗದ ಚುಟ್ಟದ ತಂಟೆಗೆ ನಾವು ಹೋಗುತ್ತಿರಲಿಲ್ಲ. ಬೆಲೆಬಾಳುವ ಸಿಗಾರಿಗಾದರೆ ಲೈಸೆನ್ಸೂ ಬೇಕು, ತೆರಿಗೆಯೂ ಬೇಕು. ಎರಡೂ ಸುರುಳಿ ಸುತ್ತಿದ ಹೊಗೆಸೊಪ್ಪೇ. ಯಾವುದು ಯಾವುದೆಂದು ಹೇಳಬೇಕಾದವನು ನಾನು.

ಆ ಬೇಸಿಗೆಯಲ್ಲಿ ಒಂದು ಮೂಗರ್ಜಿ ಬಂತು. ಪೇಟೆಯ ಹಿಂದಿನ ಓಣಿಯಲ್ಲಿ ಚುಟ್ಟ ಸುತ್ತುವ ಈರಮ್ಮನೆಂಬ ವಿಧವೆ, ಮಾರಿಕಣಿವೆ ಅಣೆಕಟ್ಟಿನ ಬಂಗಲೆಗೆ ಬರುವ ಎಂಜಿನಿಯರುಗಳಿಗೆ ಗುಟ್ಟಾಗಿ ಸಿಗಾರ್ ಮಾರುತ್ತಾಳೆ ಎಂಬುದು ಆರೋಪ. ಬಂಗಲೆಗೆ ಹೋಗಿ ಎರಡು ಕೊಂಡು ತಂದೆ.

ಪರೀಕ್ಷಿಸಬೇಕಾದದ್ದು ಕಟ್ಟಿದ ರೀತಿ, ರುಚಿ, ಬೆಲೆ. ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಉದ್ದೆಲೆಯ ಹೂರಣ, ಅಂದರೆ ಫಿಲ್ಲರ್. ಅದನ್ನು ಬಿಗಿಹಿಡಿದ ಒರಟು ಎಲೆ ಬೈಂಡರ್. ಮೇಲೆ ನರ ತೆಗೆದ ನಯವಾದ ಹೊದಿಕೆ, ರ್ಯಾಪರ್. ಇನ್ನೊಂದನ್ನು ಹಚ್ಚಿದೆ. ಉರಿ ಓರೆಯಾಗಲಿಲ್ಲ, ಬೂದಿ ಒಂದಂಗುಲದವರೆಗೂ ಉದುರಲಿಲ್ಲ. ಹೊಗೆ ಗಂಟಲು ಕೆರೆಯಲಿಲ್ಲ, ಹಾಗಂತ ಸಪ್ಪೆಯೂ ಅಲ್ಲ. ಮೊದಲು ಹುರಿದ ಕಡಲೆಕಾಯಿ, ಕೊನೆಗೆ ಬೆಲ್ಲದ ಪಾಕದ ವಾಸನೆ. ವರದಿಯಲ್ಲಿ 'ಮೀಡಿಯಂ' ಎಂದು ಬರೆದೆ. ಇಂಥ ಹದ ನಮ್ಮ ಸೀಮೆಯ ಸೊಪ್ಪಿಗೆಲ್ಲಿಂದ ಬರಬೇಕು, ಇದು ಹೊರಗಿನ ಸೊಪ್ಪೇ ಎಂದೂ ಸೇರಿಸಿದೆ. ಬಂಗಲೆಯಲ್ಲಿ ಒಂದಕ್ಕೆ ಕೊಟ್ಟ ದುಡ್ಡಿಗೆ ಸಂತೆಯಲ್ಲಿ ಒಂದು ಕಟ್ಟು ಚುಟ್ಟವೇ ಬರುತ್ತಿತ್ತು.

ಈರಮ್ಮನ ಮನೆಯಲ್ಲಿದ್ದ ಅಂಥ ಚುಟ್ಟಗಳ ಪೆಟ್ಟಿಗೆಗೆ ಸೀಲು ಹಾಕಿ, ಕಚೇರಿಯ ಕಬ್ಬಿಣದ ಬೀರುವಿನಲ್ಲಿಟ್ಟೆ. ಆರೋಪ ಸಾಬೀತಾದರೆ ಅವಳು ಇನ್ನೆಂದೂ ಸೊಪ್ಪು ಮುಟ್ಟುವಂತಿರಲಿಲ್ಲ. ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ.

ಹನ್ನೆರಡು ದಿನದ ಮೇಲೆ ವಿಚಾರಣೆಗೆ ಬಂದಳು. ಜೊತೆಗೆ ಹೊಸದುರ್ಗದ ಕಡೆಯ ಮಾಡದಕೆರೆಯಿಂದ ಕುರಿ ಕಾಯುವ ಕರಿಯಪ್ಪನನ್ನು ಕರೆತಂದಿದ್ದಳು.

"ಹೊರಗಿನ ಸೊಪ್ಪು ಎಲ್ಲಿಂದ ತರಿಸ್ತೀಯಮ್ಮ?" ಎಂದು ಕೇಳಿದೆ.

"ಯಾವ ಹೊರಗಿಂದೂ ಅಲ್ಲ ಸ್ವಾಮಿ. ಸಂತೆಗೆ ಸುತ್ತೋ ಸೊಪ್ಪೇ ಇದು. ಕುರಿಯೋರ ಕಂಬಳಿಯಾಗೆ ನಾಕು ತಿಂಗ್ಳು ತಿರುಗಿ ಬಂದೈತೆ, ಅಷ್ಟೇಯ."

ಮಂದೆಯ ಹಿಂದೆ ಹೊರಡುವ ಕುರಿಗಾರರು ಹೊಸ ಚುಟ್ಟ ಕೊಂಡು ಕಂಬಳಿಯ ಮಡಿಕೆಯಲ್ಲಿ ಸುತ್ತಿಕೊಳ್ಳುತ್ತಿದ್ದರಂತೆ. ಅಲ್ಲಿ ಬಿಸಿಲು ತಾಗದೆ, ಇಬ್ಬನಿಯ ತೇವದಲ್ಲಿ ಅವು ನಿಧಾನಕ್ಕೆ ಹದವಾಗುತ್ತಿದ್ದವಂತೆ. ಉಳಿದವನ್ನು ವಾಪಸು ತಂದರೆ ಒಂದು ಹಳೆಯದಕ್ಕೆ ಈರಮ್ಮ ಎರಡು ಹೊಸದು ಕೊಡುತ್ತಿದ್ದಳು.

"ಹಳೇವು ಸಪ್ಪೆ ಆಗ್ತವ್ರಿ," ಎಂದ ಕರಿಯಪ್ಪ. "ಗಂಟ್ಲು ಹಿಡೀದಿದ್ರೆ ಅದೆಂಥ ಚುಟ್ಟ? ಅದಕ್ಕೇ ಕೊಟ್ಟುಬಿಡ್ತೀವಿ."

ಅವನಿಗೆ ಸಪ್ಪೆಯಾದದ್ದೇ ನನ್ನ ವರದಿಯಲ್ಲಿ ಹದವಾಗಿತ್ತು! ಆದರೂ ನಾನು ಬಿಡಲಿಲ್ಲ. ಸೀಳಿದ ಸಿಗಾರನ್ನು ಮುಂದಿಟ್ಟು, "ಚುಟ್ಟಾನ ಯಾರಾದ್ರೂ ಹೀಗೆ ಕಟ್ತಾರೇನು?" ಎಂದೆ.

ಈರಮ್ಮ ಸೆರಗಿನ ಗಂಟಿನಿಂದ ಸಂತೆಯ ಚುಟ್ಟವೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು.

"ಬಂಗ್ಲೇದು ಕುಯ್ದ್ರಿ ಸ್ವಾಮಿ. ಸಂತೇದು ಯಾಕೆ ಕುಯ್ಲಿಲ್ಲ?"

ಕೊಯ್ದೆ. ಅದೇ ಉದ್ದೆಲೆ, ಅದೇ ಬೈಂಡರ್, ನರ ತೆಗೆದ ಅದೇ ಹೊದಿಕೆ. ವರ್ಷಗಟ್ಟಲೆ ಸಂತೆಯಲ್ಲಿ ಕಂಡಿದ್ದ ಚುಟ್ಟವನ್ನು ನಾನು ಒಂದು ಸಲವೂ ಸೀಳಿ ನೋಡಿರಲಿಲ್ಲ. ಅಗ್ಗದ ಮಾಲು, ಒಳಗೆ ಕಸಕಡ್ಡಿ ತುಂಬಿರುತ್ತಾರೆ ಎಂದುಕೊಂಡಿದ್ದೆ. ಅವರಿಬ್ಬರ ಎದುರು ಬಹಳ ನಾಚಿಕೆಯಾಯಿತು.

ಸೊಪ್ಪೂ ಕಟ್ಟಿದ ರೀತಿಯೂ ಸಂತೆಯ ಚುಟ್ಟದ್ದೇ, ಹೆಚ್ಚಿನ ಬೆಲೆ ಹಳೆಯದಾದದ್ದಕ್ಕೆ ಮಾತ್ರ ಎಂದು, ಆರೋಪ ಕೈಬಿಡುವಂತೆ ಅಲ್ಲೇ ಹೊಸ ವರದಿ ಬರೆದೆ. ಸೀಲು ಒಡೆದು ಪೆಟ್ಟಿಗೆ ತೆರೆದೆ. ತಗಡಿನ ಸೂರಿನ ಕೋಣೆ, ಕಬ್ಬಿಣದ ಬೀರು, ಹಿರಿಯೂರಿನ ಬಿಸಿಲು. ಒಂದನ್ನು ಎತ್ತಿಕೊಂಡರೆ ಹೊರ ಎಲೆ ಹಪ್ಪಳದಂತೆ ಮುರಿಯಿತು. ಎರಡನೆಯದೂ, ಉಳಿದವೂ ಹಾಗೇ ಪುಡಿಯಾದವು.

"ಕಾಗ್ದ ಸರಿ ಮಾಡಿದ್ರಿ, ದೊಡ್ಡೋರು ನೀವು," ಎಂದಳು ಈರಮ್ಮ. "ಇದನ್ನ ಹೆಂಗೆ ಸರಿ ಮಾಡ್ತೀರಿ?"

ಪುಡಿಯನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದು, ಖಾಲಿ ಪೆಟ್ಟಿಗೆ ಎತ್ತಿಕೊಂಡು ಹೋದಳು.

ಆಮೇಲಿನ ಸರ್ವಿಸ್ಸಿನಲ್ಲಿ ಸಂಶಯ ಬಂದ ಮಾಲಿನ ಜೊತೆಗೆ ಸಂಶಯವೇ ಬಾರದ ಮಾಲನ್ನೂ ಕೊಯ್ದು ನೋಡಿದ ನಂತರವೇ ಸೀಲು ಹಾಕಿದ್ದೇನೆ. ನಿಧಾನದ ಮನುಷ್ಯ ಎಂದು ಮೇಲಿನವರಿಂದ ಬೈಸಿಕೊಂಡಿದ್ದೇನೆ. ಈರಮ್ಮನ ನಾಲ್ಕು ತಿಂಗಳನ್ನು ಹನ್ನೆರಡು ದಿನದಲ್ಲಿ ಒಣಗಿಸಿದವನಿಗೆ ಆ ಬೈಗುಳ ಹೆಚ್ಚೇನಲ್ಲ.