ಮೇಡಂ ನನಗೆ ಕೊಟ್ಟ ಎರಡನೇ ಸ್ಥಾನ

ಮೇಡಂ ಅವರ ಸಲ್ವಾರಿನ ಮೊಣಕಾಲುಗಳು ಸೀಮೆಸುಣ್ಣದಿಂದ ಯಾವಾಗಲೂ ಬೆಳ್ಳಗಿರುತ್ತಿದ್ದವು. ಶಹಾಬಾದಿನ ಅವರ ಮನೆಯಲ್ಲಿ ಕರಿಹಲಗೆ ಇರಲಿಲ್ಲ. ನೆಲಕ್ಕೆ ಹಾಸಿದ ಪರಸಿ ಕಲ್ಲುಗಳೇ ಹಲಗೆ. ಮೊಣಕಾಲೂರಿ ಬಾಗಿಲ ಬಳಿಯಿಂದ ಲೆಕ್ಕ ಶುರು ಮಾಡಿದರೆ, ಕಲ್ಲಿನಿಂದ ಕಲ್ಲಿಗೆ ಸರಿಯುತ್ತ ಅಡುಗೆಮನೆಯ ಹೊಸ್ತಿಲು ಮುಟ್ಟುತ್ತಿದ್ದರು. ನಾವು ಹುಡುಗಿಯರು ಗೋಡೆಗೆ ಅಂಟಿಕೊಂಡು ಜೊತೆಗೇ ಸರಿಯುತ್ತಿದ್ದೆವು. ಚಹಾ ತರುವ ಅವರ ತಾಯಿ ಲೆಕ್ಕ ತುಳಿಯದಂತೆ ತುದಿಗಾಲಲ್ಲಿ ಬಂದು, "ನಿಮ್ದು ಮುಗಿದ್ರ ಹೇಳ್ರಿ, ನಾ ನೆಲ ಒರಸಬೇಕು" ಅನ್ನುತ್ತಿದ್ದರು.

ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಪಿಯು ಕಾಲೇಜಿನಲ್ಲಿ ಅವರ ಬಳಿ ಗಣಿತ ಕಲಿಯುತ್ತಿದ್ದ ನಮಗೆ ಮೇಡಂ. ಹೊಗಳುವುದರಲ್ಲಿ ಮಹಾ ಜಿಪುಣಿ. ಲೆಕ್ಕ ಸರಿಬಂದರೆ "ಹ್ಞೂಂ, ಮುಂದ". ತಪ್ಪಿದರೆ "ಮತ್ತೊಮ್ಮೆ ನೋಡು, ಬೇಟಾ". ಒಮ್ಮೊಮ್ಮೆ ದೊಡ್ಡ ಲೆಕ್ಕವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ ನಮ್ಮನ್ನು ಬೆಪ್ಪಾಗಿಸುತ್ತಿದ್ದರು. ಆಗ ತಪ್ಪದೆ "ಇದು ನಂದಲ್ಲ" ಎಂದು ಹೇಳುತ್ತಿದ್ದರು. ಯಾವುದೋ ದಪ್ಪ ಪುಸ್ತಕದ್ದಿರಬೇಕು ಅಂದುಕೊಂಡಿದ್ದೆವು.

ವಾಡಿಯಿಂದ ರೈಲಿನಲ್ಲಿ ಓಡಾಡುತ್ತಿದ್ದ ನನಗೆ ಅಮೆರಿಕದ ಹುಚ್ಚು ಹಿಡಿಸಿದ್ದು ಮೊಬೈಲು. ಅಲ್ಲಿನ ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಹೊರದೇಶದ ಮಕ್ಕಳಿಗೂ ಪೂರ್ತಿ ಖರ್ಚು ಕೊಡುತ್ತವೆಂದು ಓದಿದ್ದೆ. ಆದರೆ ಲೋಕದ ಜಾಣರೆಲ್ಲ ಅಲ್ಲಿಗೇ ಮುಗಿಬೀಳುತ್ತಾರೆ. ನಮ್ಮಂಥವರಿಗೆ ಸಿಗುವ ಜಾಗ ಬೆರಳೆಣಿಕೆ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದರು. ಖರ್ಚು ವಿಶ್ವವಿದ್ಯಾಲಯವೇ ಕೊಡದಿದ್ದರೆ ನಾನು ಹೋಗುವ ಮಾತೇ ಇರಲಿಲ್ಲ.

ಕಲಿಸಿದವರು ನನ್ನ ಬಗ್ಗೆ ನೇರವಾಗಿ ವಿಶ್ವವಿದ್ಯಾಲಯಕ್ಕೇ ಬರೆದು ಕಳಿಸಬೇಕಿತ್ತು. ನಾನು ಜೀವ ಇಟ್ಟುಕೊಂಡಿದ್ದ ವಿಶ್ವವಿದ್ಯಾಲಯ ಮೇಡಂಗೆ ಒಂದು ಪ್ರಶ್ನೆ ಕೇಳಿತ್ತು: ನೀವು ಇದುವರೆಗೆ ಕಲಿಸಿದವರಲ್ಲಿ ಈಕೆಯೇ ಎಲ್ಲರಿಗಿಂತ ಮೇಲೋ, ಮೇಲಿನ ಕೆಲವರಲ್ಲಿ ಒಬ್ಬಳೋ, ಉಳಿದವರಂತೆಯೋ? ಹೈದರಾಬಾದಿನ ಸಲಹೆಗಾರರೊಬ್ಬರು ಫೋನಿನಲ್ಲಿ ಎಚ್ಚರಿಸಿದ್ದರು. ಶಿಕ್ಷಕರೆಲ್ಲ ಮೊದಲನೆಯದಕ್ಕೇ ಗುರುತು ಹಾಕುತ್ತಾರಂತೆ, ಎರಡನೆಯದಕ್ಕೆ ಬಿದ್ದರೆ ನನ್ನ ಕಥೆ ಮುಗಿದಂತೆಯೇ.

ಅದನ್ನು ಮೇಡಂಗೆ ಹೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟರು.

"ನೀ ಎರಡನೇದಾಕಿ, ಬೇಟಾ."

"ಮೇಡಂ, ಎಲ್ಲಾರೂ ಮೊದಲನೇದಕ್ಕೇ ಗುರ್ತು ಹಾಕ್ತಾರಂತ್ರಿ. ಇಲ್ಲಾಂದ್ರ ನನಗ ಸೀಟ್ ಸಿಗಂಗಿಲ್ರಿ."

"ಕುಂಚಾವರಂ ಕಡೀಂದ ಒಬ್ಬಾಕಿ ಬಂದಿದ್ಲು. ಮನ್ಯಾಗ ತೆಲುಗು, ಕನ್ನಡ ತಡವರಿಸ್ತಿದ್ಲು. ನಾ ಅಡಗಿಮನಿತನಕ ಬರೆದ ಲೆಕ್ಕ ಆಕಿ ಒಂದೇ ಪರಸಿ ಮ್ಯಾಲ ಮುಗಿಸಿದ್ಲು. ಈಗೂ ನಿಮಗ ಆಕಿ ಮಾಡಿದಂಗೇ ಕಲಿಸ್ಲಿಕತ್ತೀನಿ."

"ಆಕಿ ಈಗ ಎಲ್ಲಿದ್ದಾಳ್ರಿ?"

"ಗೊತ್ತಿಲ್ಲ. ಪಿಯುಸಿ ಆದಮ್ಯಾಲ ಊರಿಗಿ ಹೋದ್ಲು, ತಿರುಗಿ ಬರಲಿಲ್ಲ. ನಾ ಹುಡುಕ್ಕೊಂಡು ಹೋದ್ರ ಮನಿಯವರು ಊರೇ ಬಿಟ್ಟಿದ್ರು. ಆಕಿ ಬಗ್ಗೆ ನನಗ ಯಾವ ಕಾಲೇಜಿನವರೂ ಏನೂ ಕೇಳಲಿಲ್ಲ. ಇವತ್ತ ಮೊದಲನೇ ಸಲ ಯಾರೋ ಕೇಳ್ಯಾರ, ನೀ ಕಲಿಸಿದವರಾಗ ಎಲ್ಲಾರಕಿಂತ ಜಾಣಿ ಯಾರು ಅಂತ. ಆಕಿ ಜಾಗ ನಿನಗ ಹ್ಯಾಂಗ ಕೊಡ್ಲಿ?"

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಎದ್ದು ಹೊರಟಾಗ ಮೇಡಂ ಬಾಗಿಲವರೆಗೆ ಬಂದು, "ಎರಡನೇದು ಅಂದ್ರ ಎಷ್ಟು ಮ್ಯಾಲ ಅಂತ ಅವರಿಗಿ ತಿಳಿಯೋಹಂಗ ಬರೀತೀನಿ" ಅಂದರು. ರೈಲಿನಲ್ಲಿ ಕೂತು ಮನಸ್ಸಿನಲ್ಲೇ ಅವರಿಗೆ ಬೇಕಾದಷ್ಟು ಬೈದೆ. ವಾಡಿ ಬರುವ ಹೊತ್ತಿಗೆ ಬೈಗುಳ ಖಾಲಿಯಾಗಿತ್ತು. ಆ ಹುಡುಗಿಗೆ ಇದು ಎಂದೂ ಗೊತ್ತಾಗುವುದಿಲ್ಲ, ಅಮೆರಿಕದವರಿಗಂತೂ ಗೊತ್ತಾಗುವುದೇ ಇಲ್ಲ. ಆದರೂ ಈ ಹೆಂಗಸು ಅವಳ ಜಾಗವನ್ನು ಇಷ್ಟು ವರ್ಷ ಖಾಲಿ ಇಟ್ಟುಕೊಂಡು ಕೂತಿದ್ದರು! ಅಂಥವರನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅರ್ಜಿ ಹಾಕಿದ ಕಡೆಯೆಲ್ಲ ಇಲ್ಲ ಎಂದೇ ಬಂತು. ಆ ಪ್ರಶ್ನೆ ಕೇಳಿದವರು ಮಾತ್ರ ಬಾ ಅಂದರು, ಪೂರ್ತಿ ಖರ್ಚು ಕೊಟ್ಟು. ಮೇಡಂ ಬರೆದದ್ದರಿಂದ ಸಿಕ್ಕಿತೋ, ಬರೆದರೂ ಸಿಕ್ಕಿತೋ ನನಗೆ ತಿಳಿಯದು. ಸಲಹೆಗಾರರು ಅದೃಷ್ಟ ಅಂದರು. ಸುದ್ದಿ ಹೇಳಲು ಓಡಿದರೆ ಮೇಡಂ "ಹ್ಞೂಂ, ಮುಂದ" ಅಂದು, ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಇಲ್ಲಿಗೆ ಬಂದು ನೋಡಿದರೆ ಎಲ್ಲರೂ ತಂತಮ್ಮ ಊರಿನ ಮೊದಲಿಗರೇ. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ಹಲವರಿಗೆ ಭೂಮಿ ಬಾಯಿಬಿಟ್ಟಂತಾಯಿತು. ನಾನೂ ಹಿಂದೆ ಬಿದ್ದೆ, ಅತ್ತೆ, ಮರುದಿನ ಎದ್ದು ಓದಲು ಕೂತೆ. ನನಗಿಂತ ಜಾಣೆಯೊಬ್ಬಳು ಇದ್ದಾಳೆಂಬುದನ್ನು ನಾನು ಊರಿನಲ್ಲೇ ಕಲಿತು ಬಂದಿದ್ದೆ.

ಕಾಯಿಲೆ ಬಿದ್ದ ಮೇಡಂ ಜೊತೆ ಕೊನೆಯ ಸಲ ಫೋನಿನಲ್ಲಿ ಮಾತಾಡಿದೆ. ದನಿ ಸಣ್ಣಗಾಗಿತ್ತು.

"ಇಲ್ಲಿ ನನಕಿಂತ ಜಾಣರು ಭಾಳ ಮಂದಿ ಇದ್ದಾರ್ರಿ, ಮೇಡಂ."

ಮೇಡಂ ಮಗುವಿನಂತೆ ಆಸೆಯಿಂದ ಕೇಳಿದರು: "ಆಕಿಕಿಂತ?"

"ಇಲ್ರಿ. ಆಕಿಕಿಂತ ಯಾರೂ ಸಿಕ್ಕಿಲ್ರಿ."

ವಾರದೊಳಗೆ ಮೇಡಂ ತೀರಿಕೊಂಡರು. ನಾನು ಒಮ್ಮೆಯೂ ಕಾಣದ ಆ ಹುಡುಗಿಯ ಜಾಗ ಕಾಯಲು ಈಗ ಉಳಿದವಳು ನಾನೊಬ್ಬಳೇ.