ಗಿಣಿ ಅಳಿಸಿದ ಕಂಬ

ವಸ್ತಾರೆ ಹತ್ತಿರದ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಅದರ ಮಾಲೀಕ ಇಂಗ್ಲಿಷ್ ದೊರೆ ಹೊಸ ಬಂಗಲೆ ಕಟ್ಟಿಸಿದರು. ಜಗಲಿಯ ಕಲ್ಲುಕಂಬಗಳಿಗೆಂದು ಕಳಸದಿಂದ ಕಲ್ಲು ಕೆತ್ತುವ ಒಬ್ಬ ವಯಸ್ಸಾದ ಆಚಾರ್ರನ್ನು ಕರೆಸಿದ್ದೆ. ಅವರ ಹಿರಿಯರು ದೇವಸ್ಥಾನಗಳಿಗೆ ಕೆತ್ತಿದವರು. ಗುಡಿ ಕಟ್ಟಿಸುವವರು ಕಡಿಮೆಯಾಗಿ, ಇವರು ಒರಳು, ಬೀಸುವ ಕಲ್ಲು ಮಾಡಿಕೊಂಡಿದ್ದರು.

ಮೊದಲ ಕಂಬದ ಮೇಲ್ಗಡೆ ಆಚಾರ್ರು ಒಂದು ಬಳ್ಳಿ, ಅದರ ಮೇಲೊಂದು ಗಿಣಿ ಕೆತ್ತಿದರು. ಎಷ್ಟೋ ವರ್ಷಕ್ಕೆ ಕೈ ಆಡಿತು ಅಂತ ನಗುತ್ತಿದ್ದರು. ದೊರೆ ನೋಡಿ, "ಇದೆಲ್ಲ ಬೇಡ, ನಮ್ಮ ದೇಶದ ಹಾಗೆ ನುಣ್ಣಗಿರಲಿ" ಅಂದರು. ಅದನ್ನು ಆಚಾರ್ರಿಗೆ ಹೇಳಬೇಕಾದವನು ನಾನು.

"ಬೇರೆಯವರ ಕೈಲಿ ಬೇಡ ಸ್ವಾಮಿ, ನಾನೇ ತೆಗೀತೀನಿ" ಅಂದರು. ಎರಡು ದಿನ ಕೂತು ತಮ್ಮ ಉಳಿಯಿಂದಲೇ ಗಿಣಿಯನ್ನು ಸವೆಸಿದರು. ನಾನು ಆ ಕಡೆ ಹೋಗಲೇ ಇಲ್ಲ.

ಕೆಲಸ ಮುಗಿದ ದಿನ ದೊರೆ ಕಂಬ ಸವರಿ, "ಭೇಷ್! ಮಿಷಿನ್ನಲ್ಲಿ ಮಾಡಿದ ಹಾಗಿದೆ" ಅಂದರು. ಅದನ್ನು ಆಚಾರ್ರಿಗೆ ಕನ್ನಡದಲ್ಲಿ ಹೇಳಿದೆ.

"ಹಂಗಾದ್ರೆ ಮಿಷಿನ್ನನ್ನೇ ಕರೆಸಬಹುದಿತ್ತಲ್ಲ ಸ್ವಾಮಿ, ನಾನ್ಯಾಕೆ?" ಎಂದ ಆಚಾರ್ರ ಕಣ್ಣು ತುಂಬಿತ್ತು.

ಏನಂತಾನೆ ಅಂತ ದೊರೆ ಕೇಳಿದರು. ತುಂಬಾ ಸಂತೋಷವಂತೆ ಅಂದೆ. ನನ್ನ ಇಂಗ್ಲಿಷ್ ಸುಧಾರಿಸಿದೆ ಅಂತ ದೊರೆ ಮೊದಲ ಸಲ ಹೊಗಳಿದ್ದು ಅವತ್ತೇ.