ವಿಭೂತಿ ಹೊತ್ತ ಇಂಗ್ಲಿಷ್ ಬೆಳ್ಳಿ

ಪೂಜೆಗೆ ಕುಳಿತಾಗ ನನ್ನ ಮನಸ್ಸು ಶಿವನ ಹತ್ತಿರ ಹೋಗುವ ಮೊದಲು ಇಂಗ್ಲೆಂಡಿಗೆ ಹೋಗಿಬರುತ್ತಿತ್ತು. ಅದಕ್ಕೆ ಕಾರಣ ನಮ್ಮ ವಿಭೂತಿ ಇಡುವ ಸ್ಟ್ಯಾಂಡು. ಬೆಳ್ಳಿಯ ಪುಟ್ಟ ತಳ, ಅದರ ಮೇಲೆ ಸಾಲಾಗಿ ಬಾಗಿದ ಕಮಾನುಗಳು. ಒಂದೊಂದು ಸಂದಿನಲ್ಲಿ ಒಂದೊಂದು ವಿಭೂತಿ ಗಟ್ಟಿ, ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ. ತಳದಲ್ಲಿ ಹೆಸರುಕಾಳಿನಷ್ಟು ಸಿಂಹದ ಮುದ್ರೆ. ದೇವಿಯ ವಾಹನವೆಂದು ನನ್ನ ಅತ್ತೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದರು.

ಬೆಟಗೇರಿಯ ನಮ್ಮ ಮನೆಗೆ ಅದು ಬಂದದ್ದಕ್ಕೆ ಎರಡು ಕಥೆಗಳಿವೆ. ಮಾವನವರ ತಂದೆ ಗದಗಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ, ಊರು ಬಿಟ್ಟು ಹೊರಟ ಸಾಹೇಬನೊಬ್ಬ ನೆನಪಿಗೆಂದು ಕೊಟ್ಟನಂತೆ. ಇದು ಅತ್ತೆಯ ಮಾತು. ಕೊಟ್ಟದ್ದೇನಲ್ಲ, ಬಂಗಲೆಯ ಹರಾಜಿನಲ್ಲಿ ಹಿಡಿದದ್ದು ಎನ್ನುತ್ತಾಳೆ ಲಕ್ಷ್ಮೇಶ್ವರದ ನಾದಿನಿ. ನಾನು ಎರಡನ್ನೂ ನಂಬುತ್ತೇನೆ. ಕಣ್ಣು ಮುಚ್ಚಿದರೆ ಸಾಕು, ನಮ್ಮ ಬಿಸಿಲಿಗೆ ಬೆವರುತ್ತ ತನ್ನ ಮಂಜಿನ ಊರನ್ನು ನೆನೆಯುವ ಸಾಹೇಬನ ಹೆಂಡತಿ ಕಾಣುತ್ತಿದ್ದಳು.

ಬಾಣಂತನ ಮುಗಿಸಿ ಕೂಸಿನೊಂದಿಗೆ ಬಂದ ನನ್ನ ಸೊಸೆ ಶ್ವೇತಾ ಒಂದು ದಿನ ಮೊಬೈಲಿನಲ್ಲಿ ಹುಡುಕಿ ಬಿದ್ದು ಬಿದ್ದು ನಕ್ಕಳು. “ಅತ್ತಿ, ಇದು ವಿಭೂತಿಗೆ ಅಲ್ರಿ! ಸುಟ್ಟ ಬ್ರೆಡ್ ಮೆತ್ತಗಾಗಬಾರ್ದಂತ ನಿಲ್ಲಸೂದ್ರಿ!”

“ನಮ್ಮ ಮನಿಗೆ ಬಂದಮ್ಯಾಲ ಅದು ಬ್ರೆಡ್ ಬಿಟ್ಟೈತಿ,” ಎಂದರು ನನ್ನ ಅತ್ತೆ. “ಈಗ ಕೂಸಿನ ಗುಂಡಗಡಗಿಗೆ ಅದನ್ನ ಕರಗಸ್ರಿ.”

ಲಿಂಗವನ್ನಿಟ್ಟು ಕೊರಳಿಗೆ ಕಟ್ಟುವ ಆ ಗುಂಡಗಡಗಿಗೆ ನಮ್ಮಲ್ಲಿ ಅಂಗಡಿಯ ಬೆಳ್ಳಿ ನಡೆಯುವುದಿಲ್ಲ. ಮನೆಯ ಪೂಜೆ ಕಂಡ ಬೆಳ್ಳಿಯೇ ಆಗಬೇಕು. ಹಿಂದಿನ ಮಕ್ಕಳಿಗೆಲ್ಲ ಕರಗಿ ಕರಗಿ ಉಳಿದದ್ದು ಇದೊಂದೇ.

“ಇಂಥಾ ಹಳೇ ಸಾಮಾನು ಮತ್ತ ಸಿಗೂದಿಲ್ರಿ,” ಎಂದೆ.

“ಕೂಸರ ಮತ್ತ ಮತ್ತ ಸಿಗತೈತೇನು?” ಎಂದರು ಅತ್ತೆ.

ಸ್ಟ್ಯಾಂಡನ್ನು ನಾನೇ ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ. ಅಕ್ಕಸಾಲಿಗ ಪತ್ತಾರರ ಕುಲುಮೆಯ ಮುಂದೆ ಕುಳಿತು ನೋಡಿದೆ. ಕಮಾನುಗಳು ನಿದ್ದೆ ಬಂದವರಂತೆ ಮೆಲ್ಲಗೆ ವಾಲಿದವು, ಸಿಂಹ ಅಳಿಸಿಹೋಯಿತು, ಮೂಸೆಯಲ್ಲಿ ಹುಣ್ಣಿಮೆಯಂಥ ಒಂದು ಹನಿ ಉಳಿಯಿತು. ಅದರಲ್ಲಿ ಸಾಹೇಬನದೆಷ್ಟು, ಶಿವನದೆಷ್ಟು, ಯಾರು ಹೇಳಬೇಕು? ಕಣ್ಣು ತುಂಬಿತು, ಹೊಗೆ ಎಂದೆ.

ಈಗ ಕೂಸಿಗೆ ಹಲ್ಲು ಬರುವ ಕಾಲ. ಕೊರಳ ಶಿವದಾರ ಎಳೆದುಕೊಂಡು, ಜೊಲ್ಲು ಸುರಿಸುತ್ತ ಗುಂಡಗಡಗಿಯನ್ನೇ ಚೀಪುತ್ತದೆ. ಎಂಜಲಾಯಿತೆಂದು ಬಿಡಿಸಲು ಹೋದರೆ ಅತ್ತೆ ನನ್ನ ಕೈ ಹಿಡಿಯುತ್ತಾರೆ: “ಇರಲಿ ಬಿಡವಾ, ಶಿವಗೂ ಆಡಸಾಕ ಒಂದು ಕೂಸು ಬೇಕಲ್ಲ.”

ಊಟದ ಮೇಜಿಗೆಂದೇ ಹುಟ್ಟಿದ ಬೆಳ್ಳಿ ಅದು. ಆದರೂ ಅದರಿಂದ ಇಷ್ಟು ರುಚಿಯಾಗಿ ಯಾವ ಸಾಹೇಬನೂ ಉಂಡಿರಲಿಕ್ಕಿಲ್ಲ.